ಮನೆಗೊಂದು, ತೋಟಕ್ಕೊಂದು: ಯಾವ ಕಂಪನಿಯ ಸಿಮ್ ತಗೊಳ್ಳಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ ಪ್ರಶ್ನೆ: ತೋಟ ಮನೆಯಿಂದ ಎರಡು ಕಿಲೋಮೀಟರ್ ದೂರ. ಬೋರಿನ ಮೋಟಾರನ್ನು ಫೋನ್ ಮಾಡಿಯೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಅದರ ಹಳೇ ಸಿಮ್ ಬಂದ್ ಆಯ್ತು ಅಂತ ಮನೆಯಲ್ಲಿ ಚೆನ್ನಾಗಿ ನಡೆಯುವ ಜಿಯೊ 4ಜಿ ಸಿಮ್ ತೆಗೆದು ಹಾಕಿದೆವು. ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ಡ್ ಆಫ್ ಅನ್ನುತ್ತೆ. ಕೆಟ್ಟಿರೋದು ಸಿಮ್ಮೋ, ಸ್ಟಾರ್ಟರ್ರೋ?

ಉತ್ತರ: ಎರಡೂ ಕೆಟ್ಟಿರಲಿಕ್ಕಿಲ್ಲ. ನಮ್ಮ ಕಡೆಯ ತೋಟಗಳಲ್ಲಿರುವ ಬಹುಪಾಲು ಮೊಬೈಲ್ ಸ್ಟಾರ್ಟರ್‌ಗಳ ಒಳಗಿರುವುದು 2ಜಿ ಮಾಡ್ಯೂಲ್. ಜಿಯೊ ಕಂಪನಿಗೆ 2ಜಿ ಜಾಲವೇ ಇಲ್ಲ. ಅದರ ಕರೆಗಳೆಲ್ಲ 4ಜಿ, 5ಜಿ ಮೇಲೆಯೇ ಹೋಗುತ್ತವೆ. ಹಾಗಾಗಿ ಜಿಯೊ ಸಿಮ್ ಸ್ಮಾರ್ಟ್‌ಫೋನಿನಲ್ಲಿ ಎಷ್ಟೇ ಚೆನ್ನಾಗಿ ನಡೆದರೂ 2ಜಿ ಸ್ಟಾರ್ಟರ್ ಅದನ್ನು ಹಿಡಿಯುವುದಿಲ್ಲ. 2ಜಿ ಇರುವುದು ಏರ್‌ಟೆಲ್, ವಿಐ ಮತ್ತು ಬಿಎಸ್‌ಎನ್‌ಎಲ್‌ನಲ್ಲಿ. ಈ ಮೂರರಲ್ಲಿ ಯಾವುದು ಬೇಕೆಂದು ನಿಮ್ಮ ಬೋರ್ ಇರುವ ಜಾಗವೇ ಹೇಳಬೇಕು. ಊರಿನ ಅಂಗಡಿಯವರ ಮಾತು ಇಲ್ಲಿ ಲೆಕ್ಕಕ್ಕಿಲ್ಲ.

ಪರೀಕ್ಷೆ ಸುಲಭ. ಅಕ್ಕಪಕ್ಕದವರಿಂದ ಈ ಮೂರು ಕಂಪನಿಗಳ ಸಿಮ್‌ಗಳನ್ನು ಒಂದು ಗಂಟೆ ಮಟ್ಟಿಗೆ ಕೇಳಿ ಪಡೆಯಿರಿ. ಒಂದು ಮಾಮೂಲಿ ಕೀಪ್ಯಾಡ್ ಫೋನಿಗೆ ಒಂದೊಂದಾಗಿ ಹಾಕಿ, ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಮೂರು ಮೂರು ಸಲ ಕರೆ ಮಾಡಿ ನೋಡಿ. ಸ್ಮಾರ್ಟ್‌ಫೋನ್ ಬಳಸುವುದಾದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘2ಜಿ ಮಾತ್ರ’ ಎಂದು ಆರಿಸಿಕೊಂಡೇ ನೋಡಬೇಕು. ಇಲ್ಲದಿದ್ದರೆ ಅದು 4ಜಿ ಹಿಡಿದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಗಿಡದ ನೆರಳಲ್ಲಿ ಎರಡು ಕಡ್ಡಿ ತೋರಿಸುವ ಸಿಗ್ನಲ್, ಕಬ್ಬಿಣದ ಪೆಟ್ಟಿಗೆಯ ಬಾಗಿಲು ಹಾಕಿದೊಡನೆ ಸೊನ್ನೆಯಾಗಬಹುದು. ಆದ್ದರಿಂದ ಸ್ಟಾರ್ಟರ್‌ನ ಆಂಟೆನಾ ಪೆಟ್ಟಿಗೆಯ ಹೊರಗೆ, ಮೇಲ್ಭಾಗದಲ್ಲಿ ನೆಟ್ಟಗೆ ನಿಂತಿರಬೇಕು. ಮೋಟಾರಿನ ವೈರುಗಳ ಜೊತೆ ಸುತ್ತಿ ಕಟ್ಟಬೇಡಿ. ಆಂಟೆನಾ ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. 3 ಮೀಟರ್ ಒಳಗಿರಲಿ.

ಸಿಮ್ ಹಾಕುವ ಮುನ್ನ ಅದನ್ನು ಫೋನಿಗೆ ಹಾಕಿ ಸಿಮ್ ಪಿನ್ ಲಾಕ್ ತೆಗೆದುಬಿಡಿ. ಲಾಕ್ ಇದ್ದರೆ ಸ್ಟಾರ್ಟರ್‌ಗೆ ಪಿನ್ ಒತ್ತುವವರು ಯಾರೂ ಇರುವುದಿಲ್ಲ. ಹಳೇ ಸ್ಟಾರ್ಟರ್‌ಗಳಿಗೆ ದೊಡ್ಡ ಅಳತೆಯ ಸಿಮ್ ಬೇಕು. ಹೊಸ ಸಿಮ್ಮಿನ ಹೊರಚೌಕಟ್ಟು ಮುರಿದು ಬಿಸಾಡಬೇಡಿ, ಆ ಚೌಕಟ್ಟಿನ ಸಮೇತವೇ ಹಾಕಿ. ಕರೆಂಟ್ ಕೊಟ್ಟ ಮೇಲೆ ಒಳಗಿನ ಚಿಕ್ಕ ದೀಪ ನೋಡಿ. ಬಹಳಷ್ಟು ಮಾದರಿಗಳಲ್ಲಿ ಸೆಕೆಂಡಿಗೊಮ್ಮೆ ಮಿಣುಕಿದರೆ ಇನ್ನೂ ನೆಟ್‌ವರ್ಕ್ ಹುಡುಕುತ್ತಿದೆ ಎಂದರ್ಥ, ಮೂರು ಸೆಕೆಂಡಿಗೊಮ್ಮೆ ಮಿಣುಕಿದರೆ ಹಿಡಿದಿದೆ. ಮೋಟಾರ್ ಆನ್ ಆಯಿತು, ಕರೆಂಟ್ ಬಂತು ಎಂದು ನಿಮ್ಮ ಸ್ಟಾರ್ಟರ್ ತಾನಾಗಿ ಮೆಸೇಜ್ ಕಳಿಸುವ ಜಾತಿಯದಾದರೆ ಎಸ್‌ಎಂಎಸ್ ಇರುವ ಪ್ಯಾಕೇ ಬೇಕು. ಮುಂದೆ 4ಜಿ ಸ್ಟಾರ್ಟರ್ ಕೊಳ್ಳುವುದಾದರೆ ‘4ಜಿ’ ಎಂಬ ಚೀಟಿ ನೋಡಿ ನಂಬಬೇಡಿ. ಕರೆಯೂ 4ಜಿಯಲ್ಲೇ ಹೋಗುತ್ತದೆಯೇ, ಅಂದರೆ ವೋಲ್ಟಿ ಇದೆಯೇ, ಯಾವ ಕಂಪನಿಯ ಸಿಮ್ ಹಾಕಿ ನೋಡಿದ್ದಾರೆ ಎಂದು ಕೇಳಿ, ನಿಮ್ಮೆದುರೇ ಕರೆ ಮಾಡಿಸಿ ಕೊಳ್ಳಿ.

ದಾವಣಗೆರೆ ಪಿ.ಜೆ. ಬಡಾವಣೆಯ ಗೃಹಿಣಿಯೊಬ್ಬರ ಪ್ರಶ್ನೆ: ನೆಲಮಹಡಿಯ ಮನೆ. ಹಾಲ್‌ನಲ್ಲಿ ಮಾತಾಡಿದರೆ ಸರಿ, ಅಡುಗೆಮನೆಗೆ ಹೋದರೆ ಕಟ್. ರಾತ್ರಿ ಮಗಳ ಆನ್‌ಲೈನ್ ಕ್ಲಾಸ್ ಹೊತ್ತಿಗೆ ನೆಟ್ ತಿರುಗುತ್ತಲೇ ಇರುತ್ತೆ. ಒಬ್ಬೊಬ್ಬರು ಒಂದೊಂದು ಕಂಪನಿ ಹೇಳುತ್ತಾರೆ. ಯಾವುದಕ್ಕೆ ಹೋಗೋಣ?

ಉತ್ತರ: ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಅವನ್ನು ಬಿಡಿಸದೆ ಕಂಪನಿ ಬದಲಿಸಿದರೆ ಹಣವೂ ಹೋಗಿ ತೊಂದರೆಯೂ ಉಳಿಯುತ್ತದೆ.

ಅಡುಗೆಮನೆಯಲ್ಲಿ ಕಟ್ ಆಗುವುದು ಸಿಗ್ನಲ್ ಗೋಡೆ ದಾಟದ ತೊಂದರೆ. ಇದನ್ನು ಕಡ್ಡಿ ಎಣಿಸಿ ಅಳೆಯಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನ್ ಒಂದೊಂದು ಥರ ಲೆಕ್ಕ ಹಾಕುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಚಿಹ್ನೆಯ ಸಂಖ್ಯೆ ಕಾಣುತ್ತದೆ, ಮುಂದೆ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 90ರ ಒಳಗಿದ್ದರೆ ಒಳ್ಳೆಯದು. ಮೈನಸ್ 100ರ ಆಸುಪಾಸು ನಡೆಯುತ್ತದೆ. ಮೈನಸ್ 110 ದಾಟಿದರೆ ಮಾತು ಒಡೆಯತೊಡಗುತ್ತದೆ, 115 ದಾಟಿದರೆ ಕರೆ ಉಳಿಯುವ ಭರವಸೆ ಇಲ್ಲ. ಹತ್ತು ಅಂಕಿ ಇಳಿದರೆ ಸಿಗ್ನಲ್ಲಿನ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಕುಸಿದಿದೆ ಎಂದು ತಿಳಿಯಿರಿ. ಹಾಲ್‌ನಲ್ಲಿ ಮೈನಸ್ 95, ಅಡುಗೆಮನೆಯಲ್ಲಿ ಮೈನಸ್ 115 ಬಂದರೆ ಬರೀ ಎರಡು ಗೋಡೆಗಳ ನಡುವೆ ನೂರರಲ್ಲಿ ಒಂದು ಪಾಲು ಉಳಿದಿದೆ.

ರಾತ್ರಿ ನೆಟ್ ತಿರುಗುವುದು ಹೆಚ್ಚಾಗಿ ದಟ್ಟಣೆಯ ತೊಂದರೆ. ರಾತ್ರಿ ಒಂಬತ್ತಕ್ಕೆ ಹಾಲ್‌ನಲ್ಲಿ ಅದೇ ಮೈನಸ್ 95 ಇದ್ದೂ ವೇಗ ಇಲ್ಲವೆಂದರೆ ಟವರ್ ಹತ್ತಿರವೇ ಇದೆ, ಆದರೆ ಅದರ ಮೇಲೆ ಜನ ಜಾಸ್ತಿ. ಬೆಳಗ್ಗೆ ಆರಕ್ಕೆ ಅದೇ ಜಾಗದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಮೈಸ್ಪೀಡ್ ಆ್ಯಪ್‌ನಲ್ಲಿ ವೇಗ ನೋಡಿ. ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಬಿದ್ದರೆ ದಟ್ಟಣೆಯೇ.

ಇನ್ನು ಆಯ್ಕೆ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಪ್ರತಿ ಕಂಪನಿಯೂ ತನ್ನ 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಮೊದಲು ಅದನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಕ್ಷೆ ಬೀದಿಯನ್ನು ತೋರಿಸುತ್ತದೆ, ನಿಮ್ಮ ಅಡುಗೆಮನೆಯನ್ನಲ್ಲ. ಪಕ್ಕದ ಮನೆಯವರ ಸಿಮ್ಮನ್ನು ನಿಮ್ಮ ಫೋನಿಗೇ ಹಾಕಿ ಅಡುಗೆಮನೆ, ಮಲಗುವ ಕೋಣೆ, ಹಿತ್ತಿಲು ಮೂರೂ ಕಡೆ ಅಂಕಿ ಬರೆದುಕೊಳ್ಳಿ. ಅವರ ಫೋನಿನಲ್ಲೇ ನೋಡಿದರೆ ಫೋನಿನ ವ್ಯತ್ಯಾಸವೂ ಸೇರಿಕೊಂಡು ಲೆಕ್ಕ ಕೆಡುತ್ತದೆ. ಎರಡು ಸಿಮ್ ಹಿಡಿಯುವ ಫೋನಾದರೆ ಒಂದು ತಿಂಗಳ ಸಣ್ಣ ಪ್ಯಾಕಿನೊಂದಿಗೆ ಹೊಸ ಸಿಮ್ ಎರಡನೆಯದಾಗಿ ಇಟ್ಟು ನೋಡುವುದು ಎಲ್ಲಕ್ಕಿಂತ ಖಾತ್ರಿ. ನಂಬರ್ ಪೋರ್ಟ್ ಮಾಡಿದರೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸಿದರೆ, ಮುಂದಿನ 90 ದಿನ ಹಿಂದಿರುಗಲಾಗದು ಎಂಬುದು ನೆನಪಿರಲಿ.

700, 850, 900 ಮೆಗಾಹರ್ಟ್ಜ್‌ನ ತರಂಗಗಳು ಗೋಡೆ ದಾಟುವುದರಲ್ಲಿ ಮುಂದು. 2300, 3300ರವು ವೇಗ ಕೊಡುತ್ತವೆ, ಆದರೆ ಆರ್‌ಸಿಸಿ ಗೋಡೆಗೆ ಸೋಲುತ್ತವೆ. ಅಂಗಳದಲ್ಲಿ 5ಜಿ ಹಾರಾಡಿ ಒಳಕೋಣೆಯಲ್ಲಿ ಮಾಯವಾಗಲು ಇದೇ ಕಾರಣ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆಯೇ? ಇದ್ದರೆ ಕಂಪನಿ ಬದಲಿಸುವ ಮೊದಲು ಫೋನಿನಲ್ಲಿ ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಕರೆ) ಆನ್ ಮಾಡಿ. ಜಿಯೊ, ಏರ್‌ಟೆಲ್‌ಗಳಲ್ಲಿ ಈ ಸೌಲಭ್ಯವಿದೆ. ಅಡುಗೆಮನೆಯ ತೊಂದರೆ ಅಷ್ಟಕ್ಕೇ ಮುಗಿಯಬಹುದು. ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಅನುಮತಿಯಿಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ, ಅದು ಸುತ್ತಲಿನ ಹತ್ತು ಮನೆಗಳ ಸಿಗ್ನಲ್ಲನ್ನೂ ಕೆಡಿಸುತ್ತದೆ.

ಮೊಳಕಾಲ್ಮುರಿನ ರೇಷ್ಮೆ ನೇಕಾರರೊಬ್ಬರ ಪ್ರಶ್ನೆ: ಮನೆಯಲ್ಲಿ ಕೂತಿದ್ದರೂ ಒಮ್ಮೊಮ್ಮೆ ಆಂಧ್ರದ ಟವರ್ ಹಿಡಿದು ತೆಲುಗಿನಲ್ಲಿ ಸೂಚನೆ ಬರುತ್ತದೆ. ರೋಮಿಂಗ್ ದುಡ್ಡು ಹೋಗುತ್ತದೆಯೇ?

ಉತ್ತರ: ಈಗಿನ ಅನ್‌ಲಿಮಿಟೆಡ್ ಪ್ಯಾಕುಗಳಲ್ಲಿ ದೇಶದೊಳಗಿನ ರೋಮಿಂಗ್ ಸೇರಿಯೇ ಇರುತ್ತದೆ, ದುಡ್ಡು ಹೋಗದು. ಆದರೆ ಫೋನ್ ಎರಡು ಟವರ್‌ಗಳ ನಡುವೆ ಓಲಾಡುತ್ತಿದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ, ಕರೆಯೂ ತಪ್ಪುತ್ತದೆ. ನಿಮ್ಮ ಬೀದಿಗೆ ಕರ್ನಾಟಕದ ಕಡೆಯ ಯಾವ ಕಂಪನಿಯ ಟವರ್ ಹತ್ತಿರವಿದೆಯೆಂದು ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಹುಡುಕಬಹುದು.

ಜಗಳೂರಿನ ಓದುಗರೊಬ್ಬರ ಪ್ರಶ್ನೆ: ಪೋರ್ಟ್ ಮಾಡಿಸಲು ಹೋದರೆ ಎರಡು ಸಲ ರಿಜೆಕ್ಟ್ ಆಯಿತು. ಮೊದಲ ಸಲ ಪೋರ್ಟ್ ಮಾಡಲು ಬೇಕಾದ ಕೋಡ್, ಅದೇ ಯುಪಿಸಿ, ಬರಲೇ ಇಲ್ಲ. ಅದಕ್ಕೆ ನಾಲ್ಕು ದಿನ ಮುಂಚೆ ಫೋನ್ ಕಳೆದು ಅದೇ ನಂಬರಿಗೆ ಹೊಸ ಸಿಮ್ ತೆಗೆದಿದ್ದೆ. ಎರಡನೇ ಸಲ ಕೋಡ್ ಬಂತು, ಅಂಗಡಿಗೆ ಹೋಗುವುದು ವಾರ ತಡವಾಯಿತು.

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. 2024ರ ಜುಲೈ 1ರಿಂದ, ಸಿಮ್ ಬದಲಿಸಿದ 7 ದಿನದೊಳಗೆ ಪೋರ್ಟ್ ಕೋಡ್ ಕೊಡುವುದಿಲ್ಲ. ಕದ್ದ ನಂಬರನ್ನು ಮೋಸಗಾರರು ಬೇರೆ ಕಂಪನಿಗೆ ಹಾರಿಸದಿರಲಿ ಎಂದು ಈ ತಡೆ. ಎರಡನೆಯದು ಅವಧಿ ಮೀರಿದ್ದು. ನಮ್ಮ ರಾಜ್ಯದಲ್ಲಿ ಯುಪಿಸಿಗೆ 4 ದಿನದ ಆಯಸ್ಸು ಮಾತ್ರ.

ಈ ಸಲ ಹೀಗೆ ಮಾಡಿ. ಯಾವ ನಂಬರ್ ಪೋರ್ಟ್ ಆಗಬೇಕೋ ಅದರಿಂದಲೇ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಪೋರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ನಿಮ್ಮ ಪ್ಯಾಕಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಮೆಸೇಜಿಗೆ ದಾರಿ ಬಿಡಬೇಕೆಂದು ಟ್ರಾಯ್ 2021ರಲ್ಲೇ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಬರುವ ಎಂಟು ಅಕ್ಷರದ ಕೋಡನ್ನು ಅಂಗಡಿಯವರಿಗೆ ಬಾಯಲ್ಲಿ ಹೇಳಬೇಡಿ, ಫೋನ್ ತೋರಿಸಿ. ಓ ಅಕ್ಷರ ಸೊನ್ನೆಯಾಗಿ, ಐ ಅಕ್ಷರ ಒಂದಾಗಿ ಬಿದ್ದು ಅರ್ಜಿ ಕೆಡುವುದು ಬಹಳ. ಆಧಾರ್ ಬೆರಳಚ್ಚು ಕೊಡುವಾಗ ‘ಸರಿ ಬರಲಿಲ್ಲ, ಇನ್ನೊಂದು ಸಲ’ ಅಂದರೆ ಯಾಕೆಂದು ಪರದೆ ನೋಡಿಯೇ ಒತ್ತಿ. ಎರಡನೇ ಒತ್ತಿಗೆ ನಿಮ್ಮ ಹೆಸರಲ್ಲಿ ಮತ್ತೊಂದು ಸಿಮ್ ಹುಟ್ಟಿಸುವ ಮೋಸ ನಡೆದಿದೆ. ನಿಮ್ಮ ಹೆಸರಲ್ಲಿ ಎಷ್ಟು ನಂಬರ್‌ಗಳಿವೆಯೆಂದು ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು.

ಕರ್ನಾಟಕದೊಳಗಿನ ಪೋರ್ಟ್‌ಗೆ 3 ಕೆಲಸದ ದಿನ, ಹೊರರಾಜ್ಯದ ನಂಬರಾದರೆ 5. ಹಳೇ ಸಿಮ್ ಸತ್ತ ಮೇಲೆಯೇ ಹೊಸದನ್ನು ಹಾಕಿ. ಅಲ್ಲಿಯವರೆಗೆ ಹಳೆಯದೇ ಫೋನಿನಲ್ಲಿರಲಿ. ಹಳೇ ಪ್ಯಾಕಿನಲ್ಲಿ ಉಳಿದ ದಿನ, ಡೇಟಾ, ಬ್ಯಾಲೆನ್ಸ್ ಯಾವುದೂ ಜೊತೆಗೆ ಬರುವುದಿಲ್ಲ. ಆದ್ದರಿಂದ ಪ್ಯಾಕ್ ಮುಗಿಯಲು ಐದಾರು ದಿನ ಇರುವಾಗ ಅರ್ಜಿ ಹಾಕಿ. ಪೋಸ್ಟ್‌ಪೇಯ್ಡ್ ಆದರೆ ಬಂದಿರುವ ಬಿಲ್ ಪೂರ್ತಿ ಕಟ್ಟಿರಬೇಕು. ಸಿಮ್ ಬದಲಾದ ಮೇಲೆ ಫೋನ್‌ಪೇ, ಗೂಗಲ್ ಪೇಗಳು ಮತ್ತೆ ನೋಂದಣಿ ಕೇಳಬಹುದು. ಮಂಡಿಯಲ್ಲಿ ಹಣ ಕೊಡಬೇಕಾದ ದಿನವೇ ಪೋರ್ಟ್ ಬಂದು ಕೂರದಂತೆ ದಿನ ನೋಡಿಕೊಳ್ಳಿ.

ಹೊಸದುರ್ಗದ ಓದುಗರೊಬ್ಬರ ಪ್ರಶ್ನೆ: ಅಮ್ಮನ ಹತ್ತಿರ ಕೀಪ್ಯಾಡ್ ಫೋನ್. ಇಂಟರ್‌ನೆಟ್ ಬೇಡವೇ ಬೇಡ. ಆದರೂ ತಿಂಗಳು ತಿಂಗಳು ಡೇಟಾ ಪ್ಯಾಕ್ ಹಾಕಿಸುತ್ತಿದ್ದೇವೆ. ಕರೆನ್ಸಿ ಹಾಕಿಸದೆ ಬಿಟ್ಟರೆ ಏನಾಗುತ್ತದೆ?

ಉತ್ತರ: ಬಿಡಬೇಡಿ. ವ್ಯಾಲಿಡಿಟಿ ಮುಗಿದರೆ ಮೊದಲು ಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಬರುವ ಕರೆಯೂ ಮೆಸೇಜೂ ನಿಲ್ಲುತ್ತವೆ, ಕೊನೆಗೆ ನಂಬರೇ ರದ್ದಾಗಿ ಮುಂದೊಂದು ದಿನ ಬೇರೆಯವರ ಪಾಲಾಗುತ್ತದೆ. ಅಮ್ಮನ ಬ್ಯಾಂಕ್ ಖಾತೆ, ಪಿಂಚಣಿ ಅದಕ್ಕೆ ಜೋಡಣೆಯಾಗಿದ್ದರೆ ಒಟಿಪಿ ಅಪರಿಚಿತರ ಫೋನಿಗೆ ಹೋಗುತ್ತದೆ.

ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಇಂಥ ಪ್ಯಾಕಿನ ಗರಿಷ್ಠ ಅವಧಿಯನ್ನೂ 90ರಿಂದ 365 ದಿನಕ್ಕೆ ಏರಿಸಿತು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ‘ಬರೀ ಕಾಲ್ ಪ್ಯಾಕ್’ ಎಂದು ಬಾಯಿಬಿಟ್ಟು ಕೇಳಿ. ಬೆಲೆಯನ್ನು ಯಾವಾಗಲೂ ದಿನಕ್ಕೆ ಭಾಗಿಸಿ ಹೋಲಿಸಿ. 28 ದಿನದ ಪ್ಯಾಕನ್ನು ತಿಂಗಳ ಪ್ಯಾಕ್ ಎಂದುಕೊಂಡರೆ ವರ್ಷಕ್ಕೆ 12ರ ಬದಲು 13 ಸಲ ಹಾಕಿಸುತ್ತೀರಿ. ಕೇಳದೆಯೇ ಹಾಡಿನ ಟ್ಯೂನಿಗೆ ದುಡ್ಡು ಕಡಿತವಾಗುತ್ತಿದ್ದರೆ ಅದೇ ನಂಬರಿನಿಂದ 155223ಕ್ಕೆ ಇಂಗ್ಲಿಷಿನಲ್ಲಿ ಸ್ಟಾಪ್ ಎಂದು ಕಳಿಸಿ.

ದಾವಣಗೆರೆಯ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಬಿಎಸ್‌ಎನ್‌ಎಲ್ 4ಜಿ ಸಿಮ್ ಗೆಳೆಯನ ಫೋನಿನಲ್ಲಿ ಓಡುತ್ತದೆ, ನನ್ನ ಹಳೇ ಫೋನಿನಲ್ಲಿ ರೂಮಿನೊಳಗೆ 4ಜಿ ಬರುವುದಿಲ್ಲ.

ಉತ್ತರ: ಬಿಎಸ್‌ಎನ್‌ಎಲ್ 4ಜಿ 700 ಮತ್ತು 2100 ಮೆಗಾಹರ್ಟ್ಜ್‌ಗಳಲ್ಲಿ ಬರುತ್ತದೆ. ಗೋಡೆ ದಾಟಿ ಒಳಬರುವುದು 700. ಅದಕ್ಕೆ ಫೋನಿನಲ್ಲಿ ಬ್ಯಾಂಡ್ 28 ಇರಬೇಕು. ಹಳೇ ಫೋನುಗಳಲ್ಲಿ ಅದು ಹಲವು ಸಲ ಇರುವುದಿಲ್ಲ. ತಯಾರಕರ ವೆಬ್‌ಸೈಟಿನಲ್ಲಿ ನಿಮ್ಮ ಮಾದರಿಯ ಎಲ್‌ಟಿಇ (ಅಂದರೆ 4ಜಿ) ಬ್ಯಾಂಡ್ ಪಟ್ಟಿ ನೋಡಿ. 28 ಇಲ್ಲದಿದ್ದರೆ ಸಿಮ್ ಬದಲಿಸಿ ಪ್ರಯೋಜನವಿಲ್ಲ, ಕೊರತೆ ಫೋನಿನದು.

ಚಳ್ಳಕೆರೆಯ ಓದುಗರೊಬ್ಬರ ಪ್ರಶ್ನೆ: ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ನಮ್ಮೂರಿನ ಟವರೂ ಹೋಗುತ್ತದೆ. ಯಾರಿಗೆ ಹೇಳಬೇಕು?

ಉತ್ತರ: ಟವರಿನ ಬ್ಯಾಟರಿ ಸೊರಗಿದೆ, ಇಲ್ಲವೇ ಜನರೇಟರ್‌ಗೆ ಡೀಸೆಲ್ ಇಲ್ಲ. ನಿಮ್ಮ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳಿ. ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. ಯಾವ ತಾರೀಕು, ಕರೆಂಟ್ ಹೋಗಿದ್ದು ಎಷ್ಟಕ್ಕೆ, ಸಿಗ್ನಲ್ ಹೋಗಿದ್ದು ಎಷ್ಟಕ್ಕೆ, ಬಂದಿದ್ದು ಎಷ್ಟಕ್ಕೆ ಎಂದು ಮೂರು ನಾಲ್ಕು ಸಲದ್ದು ಬರೆದಿಟ್ಟು ಹೇಳಿ. ಊರಿನ ಐದಾರು ಜನ ಬೇರೆ ಬೇರೆಯಾಗಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಿರಿ, ಇದಕ್ಕೆ ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಮೇಲ್ಮನವಿಯೂ ಫಲಿಸದಿದ್ದರೆ ಡಾಕೆಟ್ ನಂಬರ್ ಸಮೇತ ಕೇಂದ್ರ ಸರ್ಕಾರದ ಪಿಜಿ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ದೂರು ಹಾಕಿ. ಇಷ್ಟರ ನಡುವೆ, ಕರೆಂಟ್ ಹೋದ ಸಂಜೆ ಊರಲ್ಲಿ ಯಾರ ಫೋನ್ ಕೊನೆಯವರೆಗೂ ನಡೆಯುತ್ತದೆಂದು ನೋಡಿಡಿ. ನಿಮ್ಮ ಎರಡನೇ ಸಿಮ್ ಆ ಕಂಪನಿಯದ್ದಾಗಿರಲಿ.