ಹಿತ್ತಲಿನ ಹಕ್ಕಿ, ಕೈಯಲ್ಲಿ ಕ್ಯಾಮೆರಾ: ಓದುಗರ ಪ್ರಶ್ನೆ, ನಮ್ಮ ಉತ್ತರ

(ಜಮಖಂಡಿಯಲ್ಲಿ ಬಹಳ ವರ್ಷ ಮದುವೆ ಫೋಟೋ ತೆಗೆದು, ಈಗ ಹಿತ್ತಲಿನ ಹಕ್ಕಿಗಳ ಹಿಂದೆ ಬಿದ್ದಿರುವ ನಮ್ಮ ಅಂಕಣಕಾರರು ಈ ತಿಂಗಳ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಹಳೇ ಊರಿನ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನವನಗರಕ್ಕೆ ಬಂದ ಮೇಲೆ ಅಂಗಳದಲ್ಲಿ ದಾಸವಾಳ, ದಾಳಿಂಬೆ ಹಚ್ಚಿದ್ದೇವೆ. ದಿನಾ ಒಂದು ಪುಟ್ಟ ಹಕ್ಕಿ ಬರುತ್ತದೆ. ಕಣ್ಣಿಗೆ ನೀಲಿ-ನೇರಳೆ ಮಿಂಚು, ಫೋಟೋದಲ್ಲಿ ಬರೀ ಕಪ್ಪು. ನನ್ನ ಮೊಬೈಲ್‌ನಲ್ಲೂ ಹಾಗೇ, ಮಗನ ಕ್ಯಾಮೆರಾದಲ್ಲೂ ಹಾಗೇ. ಏನು ಮಾಡಲಿ?
– ಗೃಹಿಣಿ, ಬಾಗಲಕೋಟೆ

ಉತ್ತರ: ಅಕ್ಕಾ, ಅದು ನೇರಳೆ ಸೂರಕ್ಕಿಯ ಗಂಡು. ಕ್ಯಾಮೆರಾದ ತಪ್ಪಲ್ಲ, ಮಗನ ತಪ್ಪೂ ಅಲ್ಲ. ಆ ಗರಿಯಲ್ಲಿ ನೀಲಿ ಬಣ್ಣ ಅನ್ನೋದೇ ಇಲ್ಲ. ಗರಿಯೊಳಗೆ ತೀರಾ ತೆಳುವಾದ ಪದರಗಳಿವೆ. ಬೆಳಕು ಅವಕ್ಕೆ ಬಡಿದು ಒಂದು ಕೋನದಲ್ಲಿ ವಾಪಸ್ ಬಂದರೆ ಮಾತ್ರ ನೀಲಿ, ನೇರಳೆ, ಅಲ್ಲಲ್ಲಿ ಹಸಿರು ಕಾಣುತ್ತದೆ. ಕೋನ ತಪ್ಪಿದರೆ ಕಪ್ಪು. ಜರಿ ಸೀರೆ ಉಟ್ಟ ಮದುಮಗಳನ್ನು ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿ, ಅಷ್ಟು ದುಡ್ಡಿನ ಜರಿ ಮಂಕಾಗಿಬಿಡುತ್ತದೆ. ಸೂರಕ್ಕಿಯ ಲೆಕ್ಕವೂ ಅದೇ.

ಹಾಗಾಗಿ ಮೊದಲು ಗಿಡದ ಯಾವ ಮಗ್ಗುಲಿಗೆ ಬೆಳಗಿನ ಬಿಸಿಲು ಬೀಳುತ್ತದೆ ನೋಡಿಕೊಳ್ಳಿ. ಸೂರ್ಯ ನಿಮ್ಮ ಬೆನ್ನಿಗಿರಬೇಕು, ನಿಮ್ಮ ನೆರಳು ಗಿಡದ ಕಡೆ ಬೀಳಬೇಕು. ಏಳರಿಂದ ಎಂಟೂವರೆಯ ಬಿಸಿಲು ಓರೆಯಾಗಿ ಬರುವುದರಿಂದ ಚೆನ್ನ. ಹತ್ತರ ಮೇಲೆ ಬಿಸಿಲು ನೆತ್ತಿಗೇರುತ್ತದೆ, ಹಕ್ಕಿಯ ಎದೆ ನೆರಳಲ್ಲಿ ಹೋಗುತ್ತದೆ, ಮತ್ತೆ ಕಪ್ಪು.

ಎರಡನೆಯದು, ಹಿಂದೆ ಆಕಾಶ ಬರಲೇಬಾರದು. ಬೆಳ್ಳನೆಯ ಆಕಾಶ ಕಂಡ ಕೂಡಲೇ ಕ್ಯಾಮೆರಾ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ಹೊಸ್ತಿಲ ಮೇಲೋ ಸ್ಟೂಲ್ ಮೇಲೋ ಕೂತು, ಹಕ್ಕಿಯ ಹಿಂದೆ ಎಲೆ ಬರುವ ಜಾಗ ಹುಡುಕಿ. ಆಕಾಶ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದರೆ, ಮೊಬೈಲ್‌ನಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟು ಪಕ್ಕದಲ್ಲಿ ಬರುವ ಗುರುತನ್ನು ಮೇಲಕ್ಕೆ ಸರಿಸಿ. ಮಗನ ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಏರಿಸುವ ಅಳತೆ) +1 ಇಡಲಿ. ಕೂತ ಹಕ್ಕಿಗೆ ಶಟರ್ ಸ್ಪೀಡ್ 1/1000 (ಶಟರ್ ತೆರೆದಿರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲು) ಸಾಕು. ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಂತಿದ್ದರೆ 1/2500 ಆದರೂ ಬೇಕು.

ಇನ್ನೊಂದು ನೋಡಿ. ದಾಸವಾಳಕ್ಕೆ ಬಂದಾಗ ಅದು ಹೂವಿನ ಬಾಯಿಗೆ ಕೊಕ್ಕು ಹಾಕುವುದು ಕಡಿಮೆ. ತೊಟ್ಟಿನ ಹತ್ತಿರ ಕೂತು, ಹೂವಿನ ಬುಡಕ್ಕೆ ತೂತು ಮಾಡಿ ಮಕರಂದ ಕದಿಯುತ್ತದೆ! ನೀವು ಹೂವಿನ ಮುಂದೆ ಫೋಕಸ್ ಮಾಡಿ ಕಾದರೆ ಅದು ಹಿಂದೆ ಕೂತು ಕುಡಿದು ಹೋಗಿರುತ್ತದೆ. ಫೋಕಸ್ ತೊಟ್ಟಿನ ಮೇಲಿರಲಿ. ಗಂಡು ಹಾಡಲಿಕ್ಕೆ ಕೂರುವ ಜಾಗವೂ ಹೆಚ್ಚುಕಡಿಮೆ ಗೊತ್ತಾದದ್ದೇ: ತಂತಿ, ಇಲ್ಲವೇ ಗಿಡದ ಒಣ ತುದಿ. ಹುಮ್ಮಸ್ಸಿನಲ್ಲಿ ಹಾಡುವಾಗ ರೆಕ್ಕೆಯ ಬುಡದಲ್ಲಿ ಹಳದಿ-ಕಿತ್ತಳೆ ಗರಿಯ ಸಣ್ಣ ಕುಚ್ಚು ಹೊರಗೆ ಬರುತ್ತದೆ. ಅದು ಸಿಕ್ಕರೆ ಆ ಫೋಟೋ ಫ್ರೇಮ್ ಹಾಕಿಸಿ.

ಮರಿ ಮಾಡುವ ಕಾಲ ಮುಗಿದ ಮೇಲೆ ಈ ಹೊಳಪು ಉದುರಿ, ಹಳದಿ ಎದೆಯ ಮೇಲೆ ನಡುವೆ ಒಂದು ಕಪ್ಪು ಪಟ್ಟಿ ಮಾತ್ರ ಉಳಿಯುತ್ತದೆ. ಹಕ್ಕಿ ಬದಲಾಯಿತು ಅಂದುಕೊಳ್ಳಬೇಡಿ, ಅದೇ ಗಂಡು. ಮತ್ತೆ, ಅಂಗಳದಲ್ಲಿ ಸ್ಕೂಟರ್ ಇದ್ದರೆ ಕನ್ನಡಿಗೆ ಬಟ್ಟೆ ಕಟ್ಟಿ. ಒಳಗಿರುವ ಹಕ್ಕಿ ಬೇರೆ ಗಂಡು ಅಂತ ತಿಳಿದು ಅದು ಇಡೀ ಬೆಳಗು ಕುಕ್ಕುತ್ತಾ ಇರುತ್ತದೆ. ಹಕ್ಕಿಗೂ ಸುಸ್ತು, ಕನ್ನಡಿಯೂ ಗಲೀಜು.

ಪ್ರಶ್ನೆ: ನನ್ನ ಹತ್ತಿರ ಹಳೇ ಡಿಎಸ್‌ಎಲ್‌ಆರ್ ಮತ್ತು 18-55 ಲೆನ್ಸ್ ಇದೆ. ಹಕ್ಕಿ ಬರೀ ಚುಕ್ಕಿಯಾಗಿ ಬರುತ್ತದೆ. ಹಿಂದೆ ಕಾಂಪೌಂಡಿನ ಗುಲಾಬಿ ಬಣ್ಣ, ನೀರಿನ ಟ್ಯಾಂಕು ಬೇರೆ. ಗೆಳೆಯರೆಲ್ಲ 150-600 ತಗೋ ಅಂತಾರೆ. ಅಪ್ಪ ಬೇಡವೇ ಬೇಡ ಅಂತಾರೆ.
– ಕಾಲೇಜು ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ತಮ್ಮಾ, ಸದ್ಯಕ್ಕೆ ಅಪ್ಪನ ಮಾತೇ ಸರಿ. ಲೆನ್ಸಿನ ಈ ಎಂಎಂ ಅಂಕಿ ದೊಡ್ಡದಾದಷ್ಟು ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ನಿನ್ನಂಥ ಕ್ಯಾಮೆರಾಕ್ಕೆ 300 ಎಂಎಂ ಲೆನ್ಸ್ ಹಾಕಿ ಎಂಟು ಅಡಿ ದೂರದಿಂದ ನೋಡಿದರೆ ಚಿತ್ರದ ಅಗಲ ಸುಮಾರು 18 ಸೆಂಟಿಮೀಟರ್, ಅಂದರೆ ಗೇಣಿಗಿಂತ ಸ್ವಲ್ಪ ಕಡಿಮೆ. ಸೂರಕ್ಕಿ ಸುಮಾರು 10 ಸೆಂಟಿಮೀಟರ್ ಇರುತ್ತದೆ. ಅರ್ಧ ಚಿತ್ರ ತುಂಬಿತಲ್ವಾ? 600ರ ಲೆನ್ಸ್ ಹಿಡಿದವನು ಹದಿನಾರು ಅಡಿಯಿಂದ ತೆಗೆದರೂ ಅಷ್ಟೇ. ಅದೂ ಅಲ್ಲದೆ 150-600 ಲೆನ್ಸ್‌ಗಳು ಸಾಮಾನ್ಯವಾಗಿ ಏಳರಿಂದ ಒಂಬತ್ತು ಅಡಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಸಣ್ಣ ಹಿತ್ತಲಿಗೆ ಅದು ತೊಡಕೇ. ಮುಂದೆ ಎಂದಾದರೂ ಕೈಯಲ್ಲಿ ಕಾಸಾದರೆ ಸೆಕೆಂಡ್ ಹ್ಯಾಂಡ್ 55-250 ಅಥವಾ 70-300 ನೋಡು.

ಅಲ್ಲಿಯ ತನಕ ಹಕ್ಕಿಯೇ ನಿನ್ನ ಹತ್ತಿರ ಬರಲಿ. ಅಗಲವಾದ ಮಣ್ಣಿನ ಪರಾತದಲ್ಲಿ ಎರಡು ಬೆರಳು ನೀರು ಹಾಕು. ಜಾಸ್ತಿ ಆಳ ಬೇಡ, ನಡುವೆ ಒಂದು ಒರಟು ಕಲ್ಲಿಡು. ಪೊದೆ ಆರೇಳು ಅಡಿ ದೂರ ಇರಲಿ. ತೀರಾ ಪಕ್ಕದಲ್ಲಿದ್ದರೆ ಬೆಕ್ಕು ಅಡಗಿ ಕೂರುತ್ತದೆ. ನೀರು ದಿನಾ ಬದಲಿಸು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ ಆಗುತ್ತದೆ. ಪರಾತದ ಮೇಲೆ ಓರೆಯಾಗಿ ಒಂದು ಒಣ ಜಾಲಿ ಟೊಂಗೆ ಕಟ್ಟು. ಪಿಕಳಾರ, ಗೊರವಂಕ, ಗುಬ್ಬಿ, ಯಾವುದೇ ಬರಲಿ, ನೀರಿಗೆ ಇಳಿಯುವ ಮುಂಚೆ ಟೊಂಗೆಯ ಮೇಲೆ ಒಂದು ಗಳಿಗೆ ಕೂತು ಆಚೆ ಈಚೆ ನೋಡುತ್ತದೆ. ನಿನ್ನ ಫೋಟೋ ಅಲ್ಲಿದೆ, ನೀರಲ್ಲಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಮೂರು ಅಡಿ ದೂರದಲ್ಲಿಟ್ಟು ರಿಮೋಟ್ ಒತ್ತಿದರೆ 55 ಎಂಎಂ ಕೂಡ ಸಾಕಾಗುತ್ತದೆ. ಮೊಬೈಲ್ ಆದರೆ ಉದ್ದ ವೈರಿನ ಇಯರ್‌ಫೋನ್ ಸಿಕ್ಕಿಸು. ಬಹಳಷ್ಟು ಫೋನ್‌ಗಳಲ್ಲಿ ಅದರ ವಾಲ್ಯೂಮ್ ಬಟನ್ ಒತ್ತಿದರೆ ಫೋಟೋ ಬೀಳುತ್ತದೆ. ಮೊದಲ ಒಂದೆರಡು ದಿನ ಸುಮ್ನೆ ಖಾಲಿ ಸ್ಟ್ಯಾಂಡ್ ಇಟ್ಟು ಬಿಡು, ಹಕ್ಕಿಗೆ ರೂಢಿಯಾಗಲಿ.

ಹಿಂದೆ ಕಾಂಪೌಂಡಿನ ಗುಲಾಬಿ ಬಣ್ಣ, ನೀರಿನ ಟ್ಯಾಂಕು ಬರುತ್ತದೆ ಅಂತ ಬರೆದಿದ್ದೀಯ. ಅದಕ್ಕೆ ಅಮ್ಮನನ್ನು ಕೇಳಿ ಒಂದು ಹಳೇ ಹಸಿರು ಇಳಕಲ್ ಸೀರೆ ತಗೋ. ಟೊಂಗೆಯಿಂದ ಹತ್ತು ಹನ್ನೆರಡು ಅಡಿ ಹಿಂದೆ, ನೆರಳಿನಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಹರವು. ಅಷ್ಟು ದೂರ ಹೋದ ಮೇಲೆ ನೇಯ್ಗೆಯೂ ಕಾಣುವುದಿಲ್ಲ, ಮಡಿಕೆಯೂ ಕಾಣುವುದಿಲ್ಲ, ತೋಟದ ಹಸಿರೇ ಹಬ್ಬಿದ ಹಾಗೆ ಬರುತ್ತದೆ. ಆದರೆ ಇದು ಉದ್ದ ಲೆನ್ಸಿನ ಆಟ. ಮೊಬೈಲ್‌ನಲ್ಲಿ ಹಿಂದಿನದು ಅಷ್ಟು ಕರಗುವುದಿಲ್ಲ. ಕೆಂಪು ಸೆರಗನ್ನು ಮಾತ್ರ ಮಡಚಿಡು, ಅದರ ಬಣ್ಣ ಎದ್ದು ಹೊಡೆಯುತ್ತದೆ.

ನಿಮ್ಮ ಬೆಳಗಾವಿ ಮಳೆಗಾಲಕ್ಕೆ ಒಂದು ಮಾತು. ಮೋಡ ಕವಿದ ದಿನ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, 3200ಕ್ಕೆ ಹೋಗಲು ಹೆದರಬೇಡ. ತುಸು ಕಾಳು ಕಾಳಾಗಿ ಬಂದ ಫೋಟೋ ಪರವಾಗಿಲ್ಲ, ಅಲುಗಾಡಿದ ಫೋಟೋ ದಂಡ. ಲೆನ್ಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡು, ಇಲ್ಲದಿದ್ದರೆ ಒಳಗೆ ಬೂಸು ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಗೂಡು ಕಟ್ಟಿದೆ. ಮೂರು ಮರಿ. ಮೊಮ್ಮಗ ಫೋಟೋ ತೆಗೆಯಬೇಕು ಅಂತಾನೆ. ನಾಲ್ಕು ಎಲೆ ಅಡ್ಡ ಬರುತ್ತವೆ. ಕತ್ತರಿಸಬಹುದಾ?
– ನಿವೃತ್ತ ಶಿಕ್ಷಕರು, ಬಸವನ ಬಾಗೇವಾಡಿ

ಉತ್ತರ: ಬೇಡ ಮಾಸ್ತರೇ. ಒಂದು ಎಲೆಯೂ ಬೇಡ. ಆ ನಾಲ್ಕು ಎಲೆ ನೋಡಿಯೇ ತಾಯಿ ಆ ಜಾಗ ಆರಿಸಿರುತ್ತದೆ. ನಿಮ್ಮೂರ ಏಪ್ರಿಲ್ ಬಿಸಿಲು ಮೈಮೇಲೆ ಗರಿ ಇಲ್ಲದ ಮರಿಗೆ ನೇರ ಬಿದ್ದರೆ ಅದು ಉಳಿಯುವುದಿಲ್ಲ. ಮೇಲೆ ಕಾಗೆ ಇದೆ. ಮನುಷ್ಯ ಮತ್ತೆ ಮತ್ತೆ ಎಲ್ಲಿ ಬಗ್ಗಿ ನೋಡುತ್ತಾನೆ ಅನ್ನೋದನ್ನು ಕಾಗೆ ತಂತಿಯ ಮೇಲೆ ಕೂತು ಗಮನಿಸುತ್ತಿರುತ್ತದೆ. ಕಾನೂನೂ ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ಅರ್ಥದೊಳಗೇ ಸೇರಿಸಿದ್ದಾರೆ.

ಮೊಮ್ಮಗನಿಗೆ ಇದಕ್ಕಿಂತ ಒಳ್ಳೆ ಕೆಲಸ ಕೊಡಿ. ಕಿಟಕಿಯ ಪರದೆ ಹಿಂದೆ ಕೂರಲಿ. ಕಿಟಕಿಯ ಗಾಜು ಸರಿಸಿ, ಲೆನ್ಸಿನ ಮೂತಿ ಮಾತ್ರ ಪರದೆಯ ಸಂದಿನಲ್ಲಿರಲಿ. ತಾಯಿ ತಂದೆ ಎರಡೂ ಕಂಬಳಿಹುಳ, ಮಿಡತೆ ಕಚ್ಚಿಕೊಂಡು ಬರುತ್ತವೆ. ನೇರ ಗೂಡಿಗೆ ನುಗ್ಗುವುದಿಲ್ಲ, ಮೊದಲು ಪಕ್ಕದ ಒಂದು ಕಡ್ಡಿಯ ಮೇಲೆ ಕೂರುತ್ತವೆ. ಬಾಯಲ್ಲಿ ಹುಳ, ತಲೆಯ ಮೇಲೆ ಜುಟ್ಟು, ಬಾಲದ ಕೆಳಗೆ ಕೆಂಪು. ಮರಿಯ ತೆರೆದ ಬಾಯಿಗಿಂತ ಈ ಫೋಟೋ ಎಷ್ಟೋ ಮೇಲು. ಹುಳ ಕಚ್ಚಿಕೊಂಡ ಹಕ್ಕಿ ಗೂಡಿಗೆ ಹೋಗದೆ ಅಲ್ಲೇ ಕೂತು ಚೀರುತ್ತಿದೆ ಅಂದರೆ ನೀವು ಹತ್ತಿರ ಆದಿರಿ ಅಂತ ಅರ್ಥ. ಆಗ ಎದ್ದು ಒಳಗೆ ಹೋಗಿಬಿಡಬೇಕು. ಫ್ಲ್ಯಾಶ್ ಬೇಡ. ಮೊಬೈಲ್‌ನಲ್ಲಿ ಅದರದ್ದೇ ಕೂಗು ಹಾಕಿ ಕರೆಯುವ ಚಾಳಿಯೂ ಬೇಡ. ಮರಿ ಸಾಕುವುದು ಬಿಟ್ಟು ಅದು ಇಲ್ಲದ ವೈರಿಯನ್ನು ಹುಡುಕುತ್ತಾ ಅಲೆಯುತ್ತದೆ. ಸುಮಾರು ಎರಡು ವಾರದಲ್ಲಿ ಮರಿಗಳು ಗೂಡು ಬಿಡುತ್ತವೆ. ಆಮೇಲೆ ಬಳ್ಳಿ ಎಷ್ಟು ಬೇಕಾದರೂ ಕತ್ತರಿಸಿ.

ಪ್ರಶ್ನೆ: ಜೋಳ ಹಾಲುಗಾಳಾದಾಗ ಗುಲಾಬಿ ಮೈಯ, ಕರಿ ತಲೆಯ ಹಕ್ಕಿ ಹಿಂಡು ಹಿಂಡಾಗಿ ಬೀಳುತ್ತದೆ. ಓಡಿಸೋದೂ ನಾನೇ, ಫೋಟೋ ತೆಗೆಯೋ ಆಸೆಯೂ ನಂದೇ. ಮನೆ ಹೊಲದಲ್ಲೇ ಇದೆ.
– ರೈತರು, ಇಂಡಿ ತಾಲೂಕು

ಉತ್ತರ: ಗುಲಾಬಿ ಮೈನಾ ಅಥವಾ ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾದ ಕಡೆ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಸೀತನಿ (ಹಸಿ ಜೋಳದ ತೆನೆ) ಹೊತ್ತಿಗೆ ಸರಿಯಾಗಿ ಹಾಜರ್! ಜೊತೆಗಿರುವ ಮಣ್ಣುಬಣ್ಣದ, ಹಳದಿ ಕೊಕ್ಕಿನವು ಅದರ ಮರಿಗಳು. ಜೋಳ ತಿನ್ನುವುದು ನಿಜ, ಆದರೆ ಮಿಡತೆಯನ್ನೂ ತಿನ್ನುತ್ತದೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಹತೋಟಿಗೆ ಅಂತಲೇ ಕಲ್ಲುರಾಶಿ ಮಾಡಿ ಇದಕ್ಕೆ ಗೂಡಿನ ಜಾಗ ಕೊಡುತ್ತಾರೆ. ನಿಮ್ಮ ತೆನೆಗೆ ಇದರಿಂದ ಸಮಾಧಾನ ಆಗಲಿಕ್ಕಿಲ್ಲ ಬಿಡಿ.

ನಿಮಗೆ ಅಟ್ಟಣಿಗೆ ಇದೆಯಲ್ಲ, ಅದಕ್ಕಿಂತ ಒಳ್ಳೆ ಅಡಗುತಾಣ ಯಾವ ಫೋಟೋಗ್ರಾಫರ್‌ಗೂ ಇಲ್ಲ. ಬೆಳಗಿನ ಬಿಸಿಲು ಬೆನ್ನಿಗೆ ಬರುವಂತೆ ಕೂತು, 1/2000 ಇಟ್ಟು, ಅಂಚಿನ ತೆನೆಗಳ ಮೇಲೆ ಕಣ್ಣಿಡಿ. ಇಡೀ ಹಿಂಡು ಹಿಡಿಯಲು ಹೋದರೆ ಒಂದೂ ಸರಿಯಾಗಿ ಬರುವುದಿಲ್ಲ. ತೆನೆ ಬಾಗಿಸಿ ಕೂತ ಎರಡು ಮೂರು ಹಕ್ಕಿ ಸಾಕು. ಅವು ಕೂತಾಗ ತೆಗೆಯಿರಿ, ಆಮೇಲೆ ಕವಣೆ ತಿರುಗಿಸಿ. ಶಬ್ದವೇ ಸಾಕು, ಕಲ್ಲು ತಾಗದಂತೆ ನೋಡಿಕೊಳ್ಳಿ. ರಾಶಿ ಆದ ಮೇಲೆ ನಾಲ್ಕು ತೆನೆ ಉಳಿಸಿ ಮನೆ ಮುಂದೆ ತೂಗುಹಾಕಿ. ಗುಬ್ಬಿಗಳು ತಲೆಕೆಳಗಾಗಿ ಜೋತುಬಿದ್ದು ಕಾಳು ಬಿಡಿಸುತ್ತವೆ. ತಟ್ಟೆಯಲ್ಲಿ ಕಾಳು ಹಾಕಿ ತೆಗೆದ ಫೋಟೋಕ್ಕೆ ಆ ಕಳೆ ಬರುವುದಿಲ್ಲ. ಚುರುಮುರಿ ಚೂಡಾ ಮಾತ್ರ ಹಾಕಬೇಡಿ, ಅದರ ಉಪ್ಪು ಹಕ್ಕಿಗೆ ಆಗದು.

ಪ್ರಶ್ನೆ: ದುಬಾರಿ ಲೆನ್ಸ್, ಟ್ರೈಪಾಡ್ ಎಲ್ಲ ಇದೆ. ಆದರೂ ಬೇಸಿಗೆ ಮಧ್ಯಾಹ್ನ ಮಾಳಿಗೆ ಮೇಲಿಂದ ತೆಗೆದ ಫೋಟೋ ಮಸುಕು. ಲೆನ್ಸ್ ಕೆಟ್ಟಿದೆಯೇ?
– ಗೋಕಾಕ

ಉತ್ತರ: ಲೆನ್ಸ್ ನೆಟ್ಟಗಿದೆ, ಗಾಳಿ ಕಾದಿದೆ. ಕಾದ ಮಾಳಿಗೆಯಿಂದ ಏಳುವ ಝಳದಲ್ಲಿ ಬೆಳಕು ವಕ್ರವಾಗುತ್ತದೆ. ಲೆನ್ಸ್ ಉದ್ದವಾದಷ್ಟು, ಹಕ್ಕಿ ದೂರವಾದಷ್ಟು ಜಾಸ್ತಿ. ಒಂಬತ್ತರೊಳಗೆ ಮುಗಿಸಿ, ಇಲ್ಲವೇ ಕೆಳಗಿಳಿದು ಬೇವಿನ ನೆರಳಲ್ಲಿ ಹತ್ತಿರದ ಹಕ್ಕಿ ನೋಡಿ.

ಪ್ರಶ್ನೆ: ಪಕ್ಕದ ಮನೆಯ ನುಗ್ಗೆಗಿಡಕ್ಕೆ ಹಕ್ಕಿ ಬರುತ್ತವೆ. ನಾನು ಕ್ಯಾಮೆರಾ ಎತ್ತಿದರೆ ಅವರು ಜಗಳಕ್ಕೇ ಬಂದರು.
– ಮುಧೋಳ

ಉತ್ತರ: ಬರದೆ ಇನ್ನೇನು ರೀ? ಅಷ್ಟುದ್ದ ಲೆನ್ಸ್ ಅವರ ಬಚ್ಚಲ ಕಡೆ ತಿರುಗಿದರೆ ನಾನೂ ಬರುತ್ತಿದ್ದೆ. ಸಂಜೆ ಚಹಾಕ್ಕೆ ಕರೆದು ಇದುವರೆಗೆ ತೆಗೆದದ್ದನ್ನೆಲ್ಲ ತೋರಿಸಿ. ನಾಳೆಯಿಂದ ನೀರಿನ ಪರಾತವನ್ನು ನಿಮ್ಮದೇ ಗೋಡೆಯ ಮುಂದಿಟ್ಟು, ಅವರ ಮನೆಗೆ ಬೆನ್ನು ಮಾಡಿ ಕೂರಿ. ನುಗ್ಗೆಗೆ ಬಂದ ಹಕ್ಕಿ ನೀರಿಗೆ ನಿಮ್ಮಲ್ಲಿಗೇ ಬರುತ್ತದೆ.