ಓದುಗರ ಪ್ರಶ್ನೆ: ಕನ್ನಡಿಯ ಬಿಸಿಲಿಗೆ ಹಲವು ದೇಶಗಳ ಹೆಗಲೇಕೆ?

ಪ್ರಶ್ನೆ: ನಮ್ಮ ಊರಿನ ಸೌರ ಪಾರ್ಕಿನಲ್ಲಿ ಕಂಪನಿಗಳು ತಾವೇ ಫಲಕ ಹಾಕಿ ವಿದ್ಯುತ್ ಮಾರುತ್ತಿವೆ. ಹಾಗಿರುವಾಗ, ಕನ್ನಡಿಗಳಿಂದ ಬಿಸಿಲನ್ನು ಒಂದೆಡೆ ಸೇರಿಸುವ ತಂತ್ರಜ್ಞಾನಕ್ಕೆ ಹಲವು ದೇಶಗಳು ಕೂಡಿ ಸಂಶೋಧನೆ ನಡೆಸಬೇಕಾದದ್ದು ಏಕೆ? ಭಾರತಕ್ಕೂ ಅದರಲ್ಲಿ ಪಾಲಿದೆಯೇ?
– ಓದುಗರೊಬ್ಬರು, ಪಾವಗಡ

ಉತ್ತರ: ಫಲಕವು ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುತ್ತದೆ, ಒಂದೇ ಒಂದು ಫಲಕವನ್ನು ಮೇಜಿನ ಮೇಲಿಟ್ಟು ಅದರ ಗುಣವನ್ನು ಅಳೆಯಬಹುದು. ಕನ್ನಡಿಯ ಸ್ಥಾವರವು ಬಿಸಿಲಿನಿಂದ ಶಾಖ ಪಡೆದು, ಉಗಿ ಮಾಡಿ, ಟರ್ಬೈನ್ ತಿರುಗಿಸುತ್ತದೆ. ರಾಯಚೂರಿನ ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲಿನ ಜಾಗಕ್ಕೆ ಸೂರ್ಯನನ್ನು ತಂದರೆ ಹೇಗೋ ಹಾಗೆ. ಗೋಪುರ, ಅದರ ಸುತ್ತ ಸೂರ್ಯನೊಡನೆ ಹೊರಳುತ್ತ ಬಿಸಿಲನ್ನು ಅದರ ತುದಿಗೆ ಹಾಯಿಸುವ ನೂರಾರು ಕನ್ನಡಿಗಳು, ಕೊಳವೆ, ಪಂಪು ಎಲ್ಲವನ್ನೂ ಕಟ್ಟಿ ನಿಲ್ಲಿಸುವವರೆಗೆ ಅದು ಹೇಗೆ ನಡೆಯುತ್ತದೆಂದು ಖಚಿತವಾಗಿ ತಿಳಿಯುವುದಿಲ್ಲ. ವಿಫಲವಾಗಬಹುದಾದ ಇಷ್ಟು ದೊಡ್ಡ ಪ್ರಯೋಗದ ವೆಚ್ಚವನ್ನು ಒಬ್ಬರೇ ಹೊರುವುದು ಕಷ್ಟ.

1973ರ ತೈಲ ಬಿಕ್ಕಟ್ಟಿನ ಬಿಸಿ ಇನ್ನೂ ಆರದಿದ್ದ 1977ರಲ್ಲಿ, ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ ಒಂಬತ್ತು ದೇಶಗಳು ಕೈಜೋಡಿಸಿದವು. ಈ ತಂತ್ರಜ್ಞಾನಕ್ಕಾಗಿ ಹಲವು ದೇಶಗಳು ಕೂಡಿ ನಡೆಸುವ ಇಂದಿನ ‘ಸೋಲಾರ್‌ಪೇಸಸ್’ ಸಂಶೋಧನಾ ಕಾರ್ಯಕ್ರಮದ ಮೂಲ ಅದೇ. ಜರ್ಮನಿ, ಸ್ವೀಡನ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಎಂಜಿನಿಯರುಗಳಿದ್ದರು, ಬೇಕಾದಷ್ಟು ಬಿಸಿಲಿರಲಿಲ್ಲ; ಬಿಸಿಲಿದ್ದದ್ದು ಸ್ಪೇನಿನ ಅಲ್ಮೇರಿಯಾ ಬಳಿಯ ತಬೆರ್ನಾಸ್ ಮರುಭೂಮಿಯಲ್ಲಿ. ಅಲ್ಲಿ 1981ರಲ್ಲಿ ತಲಾ 500 ಕಿಲೋವಾಟ್‌ನ ಎರಡು ಸ್ಥಾವರಗಳು, ಒಂದು ಗೋಪುರದ್ದು, ಇನ್ನೊಂದು ದೋಣಿಯಾಕಾರದ ಕನ್ನಡಿಗಳದ್ದು, ಒಂದೇ ಬಿಸಿಲಿನಡಿ ಅಕ್ಕಪಕ್ಕದಲ್ಲಿ ನಿಂತವು. ಎರಡು ವಿಧಾನಗಳನ್ನು ನ್ಯಾಯವಾಗಿ ಹೋಲಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ. ಗೋಪುರದಲ್ಲಿ ಶಾಖ ಸಾಗಿಸಲು ದ್ರವ ಸೋಡಿಯಂ ಬಳಸಿದ್ದರು. 1986ರಲ್ಲಿ ಅದು ಸೋರಿ ಹೊತ್ತಿಕೊಂಡಿತು.

ಇಂದು ಗೋಪುರಗಳಲ್ಲಿ ಹೆಚ್ಚಾಗಿ ಹರಿಯುವುದು ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟ್‌ಗಳನ್ನು 60:40ರ ಪ್ರಮಾಣದಲ್ಲಿ ಬೆರೆಸಿ ಕರಗಿಸಿದ ಲವಣ. ಸುಮಾರು 290 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೋಪುರವೇರಿ, 565 ಡಿಗ್ರಿಯಾಗಿ ಇಳಿದು, ದೊಡ್ಡ ತೊಟ್ಟಿಯಲ್ಲಿ ರಾತ್ರಿಗಾಗಿ ಕಾಯುತ್ತದೆ. ಸೆವಿಲ್ ಪ್ರಾಂತ್ಯದಲ್ಲಿ 2011ರಲ್ಲಿ ಆರಂಭವಾದ ಹೆಮಾಸೋಲಾರ್ ಸ್ಥಾವರ ಹೀಗೆ ಕೂಡಿಟ್ಟ ಶಾಖದಿಂದ ಬಿಸಿಲಿಲ್ಲದೆಯೂ 15 ಗಂಟೆ ನಡೆಯಬಲ್ಲದು. ಆದರೆ ಈ ಲವಣ 220 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಕೊಳವೆಯೊಳಗೆ ಹಾಗಾದರೆ ಬಿಡಿಸುವುದು ದೊಡ್ಡ ಪಾಡು. ಆದ್ದರಿಂದ ಕೊಳವೆಗಳುದ್ದಕ್ಕೂ ಬಿಸಿಮಾಡುವ ತಂತಿ ಸುತ್ತಿರುತ್ತಾರೆ.

ಭಾರತದ ಪಾಲು ಚಿಕ್ಕದಾದರೂ ಹುಸಿಯಲ್ಲ. ರಾಜಸ್ಥಾನದ ಅಬು ರೋಡ್‌ನಲ್ಲಿ ತಲಾ 60 ಚದರ ಮೀಟರಿನ 770 ಬಟ್ಟಲುಗನ್ನಡಿಗಳಿರುವ ‘ಇಂಡಿಯಾ ಒನ್’ ಸ್ಥಾವರಕ್ಕೆ ಭಾರತ, ಜರ್ಮನಿ ಎರಡೂ ಸರ್ಕಾರಗಳ ನೆರವಿತ್ತು. ಅಲ್ಲಿ ಶಾಖವನ್ನು ಹಿಡಿದಿಡುವುದು ಎರಕದ ಕಬ್ಬಿಣ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ರಾಷ್ಟ್ರೀಯ ನವೀಕರಣೀಯ ಇಂಧನ ಪ್ರಯೋಗಾಲಯದೊಡನೆ 2012ರಲ್ಲಿ ಆರಂಭವಾದ ಜಂಟಿ ಸೌರ ಸಂಶೋಧನಾ ಕೂಟವನ್ನು ಮುನ್ನಡೆಸಿತು. ಆ ಸಹಯೋಗದಲ್ಲಿ, ಉಗಿಯ ಬದಲು ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡಿನಿಂದ ಟರ್ಬೈನ್ ತಿರುಗಿಸುವ ವಿಧಾನಕ್ಕಾಗಿ ಸಂಸ್ಥೆಯ ಆವರಣದಲ್ಲೇ ಪ್ರಯೋಗ ವ್ಯವಸ್ಥೆಯೊಂದನ್ನು ಕಟ್ಟಲಾಯಿತು.

ಇಷ್ಟಾದರೂ ಪಾವಗಡದಲ್ಲಿ ಫಲಕಗಳೇ ಇರುವುದಕ್ಕೆ ಕಾರಣವಿದೆ. ಫಲಕದ ಬೆಲೆ ಬಹಳ ಇಳಿದಿದೆ. ಜೊತೆಗೆ, ತೆಳುಮೋಡದಲ್ಲಿ ಚದುರಿದ ಬೆಳಕಿಗೂ ಫಲಕ ಅಷ್ಟಿಷ್ಟು ದುಡಿಯುತ್ತದೆ, ಕನ್ನಡಿಗೋ ನೆರಳು ಸ್ಪಷ್ಟವಾಗಿ ಬೀಳುವಂಥ ನೇರ ಬಿಸಿಲೇ ಬೇಕು.