ಮನೆಯವರೇ ಬೇಸಾಯ ಮಾಡಿದರೆ ನೆಲಕ್ಕೆ ಒಳ್ಳೆಯದಾ? ಅಕ್ಕಡಿ ಹಾಕಿದರೆ, ಹೌದು

ತುಮಕೂರು ಕಡೆ ಮಳೆ ನಂಬಿದ ಮೂರು ಎಕರೆ ಖುಷ್ಕಿ ಹೊಲ ಇದೆ, ಮನೆಯವರೇ ಸೇರಿ ಬೇಸಾಯ ಮಾಡಿದರೆ ಪರಿಸರಕ್ಕೆ ನಿಜವಾಗಿ ಒಳ್ಳೆಯದಾ, ಇಲ್ಲ ಬರೀ ಮಾತಾ ಅಂತ ಕೇಳಿದ್ದೀರಿ.

ಮನೆಯವರು ಮಾಡಿದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ನೀಲಗಿರಿ ನೆಟ್ಟವರಲ್ಲಿ ಸಣ್ಣ ರೈತರೂ ಇದ್ದರು. ಆಳು ಸಿಗುತ್ತಿರಲಿಲ್ಲ, ಮಳೆ ನಂಬುವ ಹಾಗಿರಲಿಲ್ಲ. ಅವರನ್ನು ದೂರುವುದು ಸರಿಯಲ್ಲ. ಆದರೆ ನೆಲದ ತೇವ ಹೋಗುತ್ತದೆ ಅಂತ 2017ರಲ್ಲಿ ಸರ್ಕಾರವೇ ನೀಲಗಿರಿ ಬೆಳೆಸುವುದನ್ನು ನಿಷೇಧಿಸಬೇಕಾಯಿತು.

ನಾನು ನಂಬುವುದು ಅಕ್ಕಡಿ ಸಾಲನ್ನು, ಅಂದರೆ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಗಳ ಸಾಲು ಹಾಕುವುದನ್ನು. ರಾಗಿ ಬಿತ್ತುವಾಗ ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬೀಳಬೇಕು. ಅಂಚಿಗೆ ಹರಳು ಗಿಡ. ಹುಚ್ಚೆಳ್ಳು ಹೂ ಬಿಟ್ಟರೆ ಜೇನು ಬರುತ್ತದೆ. ಜೋಳದ ತೆನೆ ಮೇಲೆ ಕೂರುವ ಹಕ್ಕಿ ಹುಳ ಹೆಕ್ಕುತ್ತದೆ, ಒಂದಷ್ಟು ಕಾಳೂ ತಿನ್ನುತ್ತದೆ, ತಿನ್ನಲಿ. ಅವರೆ, ತೊಗರಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ. ಕಾರ್ತೀಕದ ಹೊತ್ತಿಗೆ ರಾಗಿ ಕುಯ್ದ ಮೇಲೂ ಹೊಲ ಬೋಳಾಗುವುದಿಲ್ಲ. ಅವರೆ ಬಳ್ಳಿ ಆಗಲೇ ಹರಡಿಕೊಳ್ಳುವುದು. ಮಣ್ಣಲ್ಲಿ ಉಳಿದ ತೇವ, ರಾತ್ರಿಯ ಇಬ್ಬನಿ, ಅಷ್ಟರಲ್ಲೇ ಕಾಯಿ ಕಟ್ಟುತ್ತದೆ.

ಇದಕ್ಕೂ ಮನೆಯವರ ಬೇಸಾಯಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇರುವುದು ಕುಯ್ಲಿನಲ್ಲಿ. ಒಂದೇ ಹೊಲದಲ್ಲಿ ಒಂದೊಂದು ಬೆಳೆ ಒಂದೊಂದು ಕಾಲಕ್ಕೆ ಬರುತ್ತದೆ. ಕುಯ್ಲಿನ ಮಿಷನ್ ಇಳಿಸಿದರೆ ರಾಗಿಯ ಜೊತೆ ಅವರೆ ಬಳ್ಳಿಯೂ ಹೋಯಿತು. ಎರಡು ಮಡಿಲು ಕಾಯಿ ಬಿಡಿಸಲು ಕೂಲಿ ಕರೆದರೆ ಗಿಟ್ಟುವುದಿಲ್ಲ. ಸಂಜೆ ದನಕ್ಕೆ ಹುಲ್ಲು ತರಲು ಹೋದವರು ಸಾರಿಗಾಗುವಷ್ಟು ಬಿಡಿಸಿಕೊಂಡು ಬರುತ್ತಾರಲ್ವಾ, ಆ ಓಡಾಟವೇ ಅಕ್ಕಡಿಯನ್ನು ಉಳಿಸಿದೆ. ಹಾಗೆ ಹೋಗುವವರು ಬಹುತೇಕ ಹೆಂಗಸರು. ಪಹಣಿಯಲ್ಲಿ ಅವರ ಹೆಸರು ಇರುವುದು ಕಡಿಮೆ. ವಿಶ್ವಸಂಸ್ಥೆ 2019ರಿಂದ 2028ರವರೆಗೆ ಕುಟುಂಬ ಕೃಷಿಯ ದಶಕ ಅಂತ ಸಾರಿದೆ. ಈ ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ದಶಕದಿಂದ ನಮ್ಮ ಊರುಗಳಿಗೆ ಏನೂ ಆಗದು.

ಹಾಗಾಗಿ ಮೊದಲು ಮನೆಯಲ್ಲಿ ಕೂತು ಮಾತಾಡಿ. ಏನು ಬಿತ್ತಬೇಕು ಅನ್ನುವುದನ್ನು ಅಡುಗೆ ಮಾಡುವವರೇ ಹೇಳಲಿ. ದನ ಒಂದೆರಡಾದರೂ ಇರಲಿ, ತಿಪ್ಪೆ ಗೊಬ್ಬರ ಇಲ್ಲದೆ ಕೆಂಪು ಮಣ್ಣು ಜಾಸ್ತಿ ದಿನ ತಡೆಯುವುದಿಲ್ಲ. ಮೂರೂ ಎಕರೆಗೆ ಒಮ್ಮೆಲೇ ಬೇಡ, ಒಂದು ಎಕರೆಗೆ ಹಾಕಿ ನೋಡಿ.

ಅವರೆ ಬೀಜದ ವಿಚಾರದಲ್ಲಿ ಮಾತ್ರ ಎಚ್ಚರ. ಅಂಗಡಿಯಲ್ಲಿ ಸಿಗುವ ಹೆಬ್ಬಾಳ ಅವರೆ ಒಳ್ಳೆಯ ತಳಿಯೇ, ಆದರೆ ಅದು ಯಾವ ಕಾಲಕ್ಕೆ ಹಾಕಿದರೂ ಬೇಗ ಬಂದು ಮುಗಿಯುತ್ತದೆ. ಅಕ್ಕಡಿಗೆ ಬೇಕಾದ್ದು ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವ ಹಳೇ ನಾಟಿ ಅವರೆ. ನಿಮ್ಮೂರಿನಲ್ಲಿ ವಯಸ್ಸಾದ ಯಾವುದಾದರೂ ಅಜ್ಜಿಯ ಹತ್ತಿರ ಇದ್ದೀತು. ಆರಿದ್ರಾ ಮಳೆಗೆ ಮುಂಚೆಯೇ ಹೋಗಿ ಕೇಳಿ.